ಸರ್ವರ್ ಡೌನ್ ಆದಾಗ ಕಾಯುವವರು ಯಾರು?



"ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ." ಪಡಿತರ ಅಂಗಡಿ, ಬ್ಯಾಂಕು, ನಾಡಕಚೇರಿ ಎಲ್ಲೆಡೆಯೂ ಇಂದು ಕೇಳಿಬರುವ ಮಾತು ಇದು. ಕೇಳಿದವರು ಸುಮ್ಮನೆ ಹಿಂತಿರುಗುತ್ತಾರೆ. ಮಳೆ ಬಂದಂತೆ, ಕರೆಂಟು ಹೋದಂತೆ ಇದೂ ಯಾರ ಕೈಯಲ್ಲೂ ಇಲ್ಲದ ಸಂಗತಿ ಎಂದು ನಾವು ನಂಬಿದ್ದೇವೆ. ಆದರೆ ಇದು ಪೂರ್ಣ ಸತ್ಯವಲ್ಲ. ಸಂಪರ್ಕ ಕಡಿದುಹೋಗುವುದು ಆಕಸ್ಮಿಕವಿರಬಹುದು. ಕಡಿದುಹೋದಾಗ ಯಾರ ಕೆಲಸ ನಿಲ್ಲಬೇಕು, ಯಾರ ಕೆಲಸ ನಡೆಯಬೇಕು ಎಂಬುದನ್ನು ಮಾತ್ರ ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ.

ಗಣಕಯಂತ್ರಗಳ ಜಾಲದಲ್ಲಿ ಸಂಪನ್ಮೂಲಗಳನ್ನು ಹೇಗೆ ಹಂಚಿಕೊಳ್ಳುತ್ತಾರೆ, ಹೇಗೆ ನಿರ್ವಹಿಸುತ್ತಾರೆ ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ವಿವರಿಸುವ ಪ್ರಯತ್ನ ಮಾಡಲಾಗಿದೆ. ಇದು ತಂತ್ರಜ್ಞರಿಗೆ ಮಾತ್ರ ಸೇರಿದ ವಿಷಯ ಎಂದು ಭಾವಿಸಬೇಕಾಗಿಲ್ಲ. ಚರ್ಚ್ ಕಚೇರಿಯಲ್ಲಿ ದಾಖಲೆ ಬರೆಯುವವರಿಗೆ, ವಾಳೆಯ ಗುರ್ಕಾರರಿಗೆ, ಘಟ್ಟದ ಮೇಲಿನ ಹಳ್ಳಿಗಳಲ್ಲಿ ಬಡವರ ಅರ್ಜಿ ತುಂಬಿಸಿಕೊಡುವ ಧರ್ಮಭಗಿನಿಯರಿಗೆ ಮತ್ತು ಸಮಾಜ ಸೇವಕರಿಗೆ ಇದು ದಿನನಿತ್ಯದ ವಿಷಯವೇ ಆಗಿದೆ.

ಹಂಚಿಕೊಳ್ಳುವುದು ಏನನ್ನು?

ಒಂದು ಕಚೇರಿಯಲ್ಲಿ ಮೂರು ಗಣಕಯಂತ್ರಗಳಿದ್ದು ಪ್ರಿಂಟರ್ ಒಂದೇ ಇದೆ ಎಂದುಕೊಳ್ಳೋಣ. ಮೂರನ್ನೂ ತಂತಿಯಿಂದ ಜೋಡಿಸಿದರೆ ಮೂವರೂ ಅದೇ ಪ್ರಿಂಟರ್ ಬಳಸಬಹುದು. ಸಂಪನ್ಮೂಲ ಹಂಚಿಕೆಯ ಅತಿ ಸರಳ ರೂಪ ಇದು. ಪ್ರಿಂಟರಿನ ಹಾಗೆಯೇ ಮಾಹಿತಿಯನ್ನು, ಮಾಹಿತಿ ಇಡುವ ಜಾಗವನ್ನು, ಅಂತರ್ಜಾಲ ಸಂಪರ್ಕವನ್ನು, ಲೆಕ್ಕ ಮಾಡುವ ಶಕ್ತಿಯನ್ನು ಕೂಡ ಹಂಚಿಕೊಳ್ಳಬಹುದು. ಬೇರೆ ಬೇರೆ ಊರುಗಳಲ್ಲಿರುವ ಹಲವು ಯಂತ್ರಗಳು ಹೀಗೆ ಕೂಡಿ ದುಡಿಯುತ್ತಾ, ಬಳಸುವವರಿಗೆ ಒಂದೇ ವ್ಯವಸ್ಥೆಯಂತೆ ಕಂಡರೆ ಅದನ್ನು ವಿತರಿತ ವ್ಯವಸ್ಥೆ ಎನ್ನುತ್ತಾರೆ.

ಅಂತರ್ಜಾಲ ಹುಟ್ಟಿದ್ದೇ ಈ ಹಂಚಿಕೆಯ ಆಸೆಯಿಂದ ಎನ್ನಬಹುದು. 1960ರ ದಶಕದಲ್ಲಿ ಗಣಕಯಂತ್ರಗಳು ಕೋಣೆ ತುಂಬುವಷ್ಟು ದೊಡ್ಡವೂ ಬಹಳ ದುಬಾರಿಯೂ ಆಗಿದ್ದವು. ಒಂದು ವಿಶ್ವವಿದ್ಯಾನಿಲಯದ ಯಂತ್ರವನ್ನು ಇನ್ನೊಂದು ಊರಿನವರೂ ಬಳಸುವಂತಾಗಲಿ ಎಂದು ಅಮೆರಿಕದಲ್ಲಿ ಆರ್ಪಾನೆಟ್ ಎಂಬ ಜಾಲ ಕಟ್ಟಿದರು. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲಿಸ್‌ನ ಯಂತ್ರದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ಮೊದಲ ಸಂದೇಶ ಹೊರಟಿತು. ಎರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕೆಟ್ಟು ನಿಂತಿತು. ಸ್ವಲ್ಪ ಹೊತ್ತಿನ ಬಳಿಕ ಸರಿಪಡಿಸಿ ಮತ್ತೆ ಕಳುಹಿಸಿದರು. ಹಂಚಿಕೆಯ ಮೊದಲ ದಿನವೇ ಅದರ ತೊಂದರೆಯೂ ಗೋಚರವಾಯಿತು.

ಈ ತೊಂದರೆಯನ್ನು ಗಣಕ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1987ರಲ್ಲಿ ತಮಾಷೆಯಾಗಿ ಹೇಳಿದ್ದರು. ಇದೆ ಎಂದೇ ನಮಗೆ ಗೊತ್ತಿಲ್ಲದ ಯಾವುದೋ ಯಂತ್ರ ಕೆಟ್ಟು, ಅದರಿಂದಾಗಿ ನಮ್ಮ ಮುಂದಿರುವ ಯಂತ್ರ ಉಪಯೋಗಕ್ಕೆ ಬಾರದಂತಾದರೆ ಅದೇ ವಿತರಿತ ವ್ಯವಸ್ಥೆ ಎಂಬುದು ಅವರ ಮಾತಿನ ಸಾರಾಂಶ. "ಸರ್ವರ್ ಡೌನ್" ಎಂದು ಕೇಳಿ ಹಿಂತಿರುಗಿದ ಯಾರಿಗೇ ಆದರೂ ಇದು ಅರ್ಥವಾಗುವ ಮಾತು.

ಧರ್ಮಾ ಕಾಲುವೆಯ ಪಾಠ

ಶಿರಸಿ ದಾಟಿ ಪೂರ್ವಕ್ಕೆ ಹೋದರೆ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕು ಸಿಗುತ್ತದೆ. ನೆರೆಯ ಮುಂಡಗೋಡ ತಾಲ್ಲೂಕಿನ ಮಳಗಿಯ ಬಳಿ ಧರ್ಮಾ ನದಿಗೆ ಅಣೆಕಟ್ಟು ಕಟ್ಟಲಾಗಿದೆ. ಅಲ್ಲಿಂದ ಹೊರಡುವ ನೀರು ಕಾಲುವೆಗಳ ಮೂಲಕ ಹಾನಗಲ್ ತಾಲ್ಲೂಕಿನ ಕೆರೆಗಳಿಗೂ ಗದ್ದೆಗಳಿಗೂ ಹರಿಯುತ್ತದೆ. ನೀರು ಸಂಗ್ರಹವಾಗುವುದು ಒಂದು ಜಿಲ್ಲೆಯಲ್ಲಿ, ಬೆಳೆ ಬೆಳೆಯುವುದು ಇನ್ನೊಂದು ಜಿಲ್ಲೆಯಲ್ಲಿ.

ಕಾಲುವೆ ತೋಡಿದ ಮಾತ್ರಕ್ಕೆ ನೀರು ಹಂಚಿಕೆ ಆಗುವುದಿಲ್ಲ ಎಂಬುದು ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಯಾವ ತೂಬು ಯಾವಾಗ ತೆರೆಯಬೇಕು, ಯಾರ ಪಾಳಿ ಯಾವಾಗ, ಮೇಲಿನ ಗದ್ದೆಯವನು ಹೆಚ್ಚು ನೀರು ಹಿಡಿದರೆ ಕಾಲುವೆಯ ತುದಿಯಲ್ಲಿರುವವನು ಯಾರಿಗೆ ದೂರಬೇಕು, ಮಳೆ ಕೈಕೊಟ್ಟ ವರ್ಷ ಯಾರಿಗೆ ಎಷ್ಟು? ಇವೆಲ್ಲಕ್ಕೂ ಕಟ್ಟಳೆ ಬೇಕು, ಕಟ್ಟಳೆಯಂತೆ ನಡೆಸುವ ನೀರುಗಂಟಿಯೂ ಬೇಕು.

ನೀರು, ಮೀನು, ಕಾಡು ಮುಂತಾದ ಸಾಮೂಹಿಕ ಸಂಪತ್ತನ್ನು ಜನರು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ಜೀವಮಾನವಿಡೀ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ಬಳಸುವವರಿಗೆ ನಿಯಮ ರೂಪಿಸುವುದರಲ್ಲಿ ಪಾಲಿರುವುದು, ಮೇಲ್ವಿಚಾರಕನು ಬಳಕೆದಾರರಿಗೆ ಉತ್ತರ ಕೊಡುವುದು, ಜಗಳವಾದರೆ ಹತ್ತಿರದಲ್ಲೇ ಕಡಿಮೆ ಖರ್ಚಿನಲ್ಲಿ ಪರಿಹಾರ ಸಿಗುವುದು, ಇಂಥ ಲಕ್ಷಣಗಳಿರುವ ವ್ಯವಸ್ಥೆಗಳು ದೀರ್ಘಕಾಲ ಬಾಳುತ್ತವೆ ಎಂಬುದನ್ನು ಅವರು ತೋರಿಸಿಕೊಟ್ಟರು.

ಗಣಕಜಾಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಹರಿಯುವುದು ನೀರಲ್ಲ, ಮಾಹಿತಿ. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಮುಖ್ಯವಾಗಿ ಮೂರು: ಮೂಲ ಪ್ರತಿ ಎಲ್ಲಿದೆ? ಪಾಳಿ ಯಾರದು? ಸಂಪರ್ಕ ಕಡಿದಾಗ ಏನು ಮಾಡಬೇಕು? ಒಂದೊಂದಾಗಿ ನೋಡೋಣ.

ಮೊದಲ ಪ್ರಶ್ನೆ: ಮೂಲ ಪ್ರತಿ ಎಲ್ಲಿದೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರು ಪಹಣಿಯನ್ನು ಉತಾರ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಆರ್‌ಟಿಸಿ ಎನ್ನುವುದು ರೂಢಿ. ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ, ಏನು ಬೆಳೆ, ಅದರ ಮೇಲೆ ಸಾಲವಿದೆಯೇ ಎಂಬುದನ್ನು ತಿಳಿಸುವ ಕಾಗದ ಅದು. ಹಿಂದೆ ಇದನ್ನು ತಲಾಟಿ, ಅಂದರೆ ಗ್ರಾಮ ಲೆಕ್ಕಿಗರು, ಕೈಯಲ್ಲಿ ಬರೆದು ಇಟ್ಟುಕೊಳ್ಳುತ್ತಿದ್ದರು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು, ಒಬ್ಬೊಬ್ಬರ ಕೈಯಲ್ಲಿ ಮೂರು ನಾಲ್ಕು ಹಳ್ಳಿಗಳು. ಅವರು ಸಿಕ್ಕಿದರೆ ಕಾಗದ ಸಿಕ್ಕಿತು, ಸಿಗದಿದ್ದರೆ ಇಲ್ಲ. ಅವರು ಬರೆದದ್ದನ್ನು ಪರಿಶೀಲಿಸುವುದೂ ಕಷ್ಟವಾಗಿತ್ತು.

2000ರ ದಶಕದ ಆರಂಭದಲ್ಲಿ ಕರ್ನಾಟಕ ಸರಕಾರದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ 'ಭೂಮಿ' ಯೋಜನೆಯನ್ನು ಜಾರಿಗೆ ತಂದಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 177 ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳನ್ನು ತೆರೆಯಲಾಯಿತು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಗಣಕೀಕರಣ ಪೂರ್ಣಗೊಂಡ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ಮೂಲ ಪ್ರತಿ ಯಾವುದು ಎಂಬ ಪ್ರಶ್ನೆಗೆ ಸರಕಾರ ಕೊಟ್ಟ ಉತ್ತರ ಇದು: ಇನ್ನು ಮುಂದೆ ಯಂತ್ರದಲ್ಲಿರುವುದೇ ಮೂಲ.

ಇಂಥ ತೀರ್ಮಾನ ಯಾಕೆ ಬೇಕು? ಒಂದೇ ದಾಖಲೆಯ ಎರಡು ಪ್ರತಿಗಳು ಎರಡು ಕಡೆ ಇದ್ದು ಎರಡರಲ್ಲೂ ತಿದ್ದುಪಡಿ ನಡೆಯುತ್ತಿದ್ದರೆ, ಸ್ವಲ್ಪ ದಿನಗಳಲ್ಲಿ ಅವು ಪರಸ್ಪರ ಹೊಂದುವುದಿಲ್ಲ. ಆಗ ಯಾವುದು ಸರಿ ಎಂದು ಹೇಳುವವರೇ ಇರುವುದಿಲ್ಲ. ಆದುದರಿಂದ ಒಂದು ಪ್ರತಿಯನ್ನು ಮೂಲವೆಂದು ಗೊತ್ತುಮಾಡಿ, ಉಳಿದವುಗಳನ್ನು ಅದರ ನಕಲು ಎಂದು ನಡೆಸುವುದು ಸಾಮಾನ್ಯ ಕ್ರಮ. ನಕಲುಗಳೂ ಬೇಕೇ ಬೇಕು. ಮೂಲಕ್ಕೆ ಬೆಂಕಿ ಬಿದ್ದರೆ, ಯಂತ್ರ ಕೆಟ್ಟರೆ ನಕಲೇ ನಮ್ಮನ್ನು ಕಾಯುವುದು.

ನಮ್ಮ ಧರ್ಮಸಭೆಗೆ ಇದು ಹೊಸ ವಿಚಾರವೇನಲ್ಲ. ನಮ್ಮ ಯುವಕನೊಬ್ಬ ಕುಂದಾಪುರದಲ್ಲಿ ದೀಕ್ಷಾಸ್ನಾನ ಪಡೆದು, ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋಗಿ, ಮುಂಬೈಯಲ್ಲಿ ಮದುವೆಯಾದನೆಂದು ಭಾವಿಸೋಣ. ಅವನ ಮದುವೆ ಮುಂಬೈಯ ವಿವಾಹ ಪುಸ್ತಕದಲ್ಲಿ ದಾಖಲಾಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1122ನೆಯ ವಿಧಿಯಂತೆ, ಮದುವೆ ನಡೆದ ಸ್ಥಳದ ಧರ್ಮಗುರುಗಳು ದೀಕ್ಷಾಸ್ನಾನ ನಡೆದ ಧರ್ಮಕೇಂದ್ರಕ್ಕೆ ಆದಷ್ಟು ಬೇಗ ಅದನ್ನು ತಿಳಿಸಬೇಕು. ಅಲ್ಲಿನ ದೀಕ್ಷಾಸ್ನಾನ ಪುಸ್ತಕದಲ್ಲಿ ಅದು ನಮೂದಾಗಬೇಕು. ದೃಢೀಕರಣ, ಯಾಜಕಾಭಿಷೇಕ, ಧಾರ್ಮಿಕ ಜೀವನದ ನಿತ್ಯ ವ್ರತ ಇವೂ ಆ ಪುಸ್ತಕದಲ್ಲೇ ದಾಖಲಾಗಬೇಕೆಂದು 535ನೆಯ ವಿಧಿ ಹೇಳುತ್ತದೆ. ವ್ಯಕ್ತಿ ಪ್ರಪಂಚದ ಯಾವ ಮೂಲೆಗೆ ಹೋದರೂ ಅವನ ಮೂಲ ಪ್ರತಿ ಒಂದೇ, ಅದು ದೀಕ್ಷಾಸ್ನಾನ ಪಡೆದ ಊರಿನಲ್ಲಿ.

ಮದುವೆಗೆ ಮುನ್ನ ಹೊಸದಾಗಿ ಪಡೆದ ದೀಕ್ಷಾಸ್ನಾನ ಪತ್ರವನ್ನೇ ತರಬೇಕೆಂದು ಧರ್ಮಗುರುಗಳು ಹೇಳುವುದು ಇದೇ ಕಾರಣಕ್ಕೆ. "ಮನೆಯಲ್ಲಿ ಹಳೆಯ ಪತ್ರ ಇದೆಯಲ್ಲ, ಫಾದರ್" ಎಂದು ಹಲವರು ಬೇಸರಪಡುತ್ತಾರೆ. ಹಳೆಯ ಪತ್ರ ಅಂದಿನ ನಕಲು ಮಾತ್ರ. ಆಮೇಲೆ ಮೂಲದಲ್ಲಿ ಏನು ಬದಲಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಗಣಕಯಂತ್ರಗಳೂ ಹೀಗೆಯೇ ನಕಲಿಗೆ ಒಂದು ಅವಧಿ ನಿಗದಿಮಾಡಿ, ಅವಧಿ ಮುಗಿದ ಮೇಲೆ ಮೂಲವನ್ನು ಮತ್ತೊಮ್ಮೆ ಕೇಳುತ್ತವೆ.

ಎರಡನೆಯ ಪ್ರಶ್ನೆ: ಪಾಳಿ ಯಾರದು?

ಇಲ್ಲಿ ನನ್ನ ಅನುಭವವೊಂದನ್ನು ಹೇಳಬೇಕಾಗಿದೆ. ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರ ಕಚೇರಿಯಲ್ಲಿ ಎರಡು ಗಣಕಯಂತ್ರಗಳನ್ನು ಜೋಡಿಸಿ, ವಾಳೆವಾರು ಕುಟುಂಬಗಳ ಪಟ್ಟಿಯನ್ನು ಇಬ್ಬರೂ ತೆರೆಯುವಂತೆ ಇಟ್ಟಿದ್ದೆವು. ಒಂದು ದಿನ ಇಬ್ಬರೂ ಒಂದೇ ಸಮಯದಲ್ಲಿ ಪಟ್ಟಿ ತೆರೆದು ತಿದ್ದಿದರು. ಮೊದಲು ಉಳಿಸಿದವರ ಕೆಲಸದ ಮೇಲೆ ಎರಡನೆಯವರು ಉಳಿಸಿದ್ದು ಕುಳಿತುಕೊಂಡಿತು. ಒಂದು ವಾಳೆಯ ತಿದ್ದುಪಡಿಗಳೆಲ್ಲ ಅಳಿಸಿಹೋದವು. ಯಂತ್ರ ಯಾವ ತಪ್ಪನ್ನೂ ತೋರಿಸಲಿಲ್ಲ, ಯಾರಿಗೂ ತಿಳಿಯಲಿಲ್ಲ. ಹೊಸದಾಗಿ ಸೇರಿಸಿದ್ದ, ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರ ಹೆಸರೂ ಅದರಲ್ಲಿ ಹೋಗಿತ್ತು. ಎರಡು ತಿಂಗಳು ಅವರ ಮನೆಗೆ ಪರಮಪ್ರಸಾದ ಒಯ್ಯಲಿಲ್ಲ. "ಫಾದರ್, ನಮ್ಮನ್ನು ಮರೆತಿರಾ?" ಎಂದು ಅವರ ಮಗಳು ಬಂದು ಕೇಳಿದಾಗಲೇ ನಮಗೆ ಗೊತ್ತಾದದ್ದು.

ಇದನ್ನು ತಡೆಯಲು ಗಣಕ ವಿಜ್ಞಾನದಲ್ಲಿ ಬಹಳ ಹಿಂದಿನಿಂದ ಇರುವ ಉಪಾಯ ಬೀಗ. ಒಬ್ಬರು ದಾಖಲೆಯನ್ನು ತಿದ್ದುತ್ತಿರುವಾಗ ಅದಕ್ಕೆ ಬೀಗ ಬೀಳುತ್ತದೆ. ಉಳಿದವರು ಓದಬಹುದು, ತಿದ್ದುವಂತಿಲ್ಲ. ಅವರ ಕೆಲಸ ಮುಗಿದ ಮೇಲೆ ಮುಂದಿನವರ ಪಾಳಿ. ಬೀಗ ಹಾಕಿದವರು ಅದನ್ನು ತೆಗೆಯದೇ ಊಟಕ್ಕೆ ಹೋದರೆ ಎಲ್ಲರೂ ಕಾಯಬೇಕು. ಆದುದರಿಂದ ಬೀಗಕ್ಕೂ ಸಮಯದ ಮಿತಿ ಇರುತ್ತದೆ. ಒಬ್ಬರ ಬೀಗಕ್ಕೆ ಇನ್ನೊಬ್ಬರು, ಅವರ ಬೀಗಕ್ಕೆ ಇವರು ಕಾಯುತ್ತಾ ಕುಳಿತರೆ ಇಬ್ಬರ ಕೆಲಸವೂ ಆಗುವುದಿಲ್ಲ. ಇಕ್ಕಟ್ಟಾದ ಸೇತುವೆಯ ಮೇಲೆ ಎರಡು ಬಸ್ಸುಗಳು ಎದುರುಬದುರಾಗಿ ನಿಂತ ಹಾಗೆ. ಯಾರಾದರೂ ಒಬ್ಬರು ಹಿಂದೆ ಸರಿಯಲೇಬೇಕೆಂಬ ನಿಯಮ ಅಲ್ಲಿಯೂ ಇದೆ.

ಪಾಳಿಯ ಇನ್ನೊಂದು ಮುಖ ಸರದಿ. ಭೂಮಿ ಯೋಜನೆಯಲ್ಲಿ ಹಕ್ಕು ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನು ಯಂತ್ರದಲ್ಲೇ ಅಳವಡಿಸಲಾಯಿತು. ನಡುವೆ ಇರುವ ಅರ್ಜಿಯನ್ನು ಎತ್ತಿ ಮೇಲಕ್ಕೆ ತರುವುದು ಸುಲಭವಲ್ಲದಂತಾಯಿತು. ಶಿಫಾರಸು ಇಲ್ಲದ, ಕೈಬಿಸಿ ಮಾಡಲಾಗದ ಬಡವನಿಗೆ ಇಂಥ ಸರದಿಯೇ ಆಧಾರ. ಸಾಲಿನಲ್ಲಿ ನಿಂತ ಎಲ್ಲರೂ ಸಮಾನರು ಎಂಬ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸುವುದರಲ್ಲಿ ಯಂತ್ರ ಮನುಷ್ಯನಿಗಿಂತ ಮುಂದಿದೆ ಎಂದು ಒಪ್ಪಿಕೊಳ್ಳಬೇಕು.

ಪಾಳಿಯನ್ನು ಚೆನ್ನಾಗಿ ನಿರ್ವಹಿಸಿದರೆ ಬಿಡುವಾಗಿರುವ ಶಕ್ತಿಯೂ ಉಪಯೋಗಕ್ಕೆ ಬರುತ್ತದೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರಂಭವಾದ 'ಸೆಟಿ ಅಟ್ ಹೋಮ್' ಯೋಜನೆಯಲ್ಲಿ ಜಗತ್ತಿನ ಲಕ್ಷಾಂತರ ಜನರು, ತಮ್ಮ ಮನೆಯ ಗಣಕಯಂತ್ರ ಸುಮ್ಮನಿರುವ ಹೊತ್ತಿನಲ್ಲಿ ಅದನ್ನು ಆಕಾಶದಿಂದ ಬರುವ ರೇಡಿಯೋ ತರಂಗಗಳ ಪರಿಶೀಲನೆಗೆ ಬಿಟ್ಟುಕೊಟ್ಟರು. 2020ರವರೆಗೆ ಅದು ನಡೆಯಿತು. ಅದೇ ವರ್ಷ ಕೊರೊನಾ ವೈರಸ್ಸಿನ ಪ್ರೋಟೀನುಗಳ ಅಧ್ಯಯನಕ್ಕೂ ಜನರು ಇದೇ ರೀತಿ ಯಂತ್ರಗಳನ್ನು ಒದಗಿಸಿದರು. ಒಬ್ಬೊಬ್ಬರು ಕೊಟ್ಟದ್ದು ಸ್ವಲ್ಪವೇ, ಒಟ್ಟಾದಾಗ ಅದು ದೊಡ್ಡದಾಯಿತು.

ಮೂರನೆಯ ಪ್ರಶ್ನೆ: ಸಂಪರ್ಕ ಕಡಿದಾಗ ಏನು?

ಭೂಮಿ ಯೋಜನೆಯ ಮೊದಲ ಹಂತದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇತ್ತು. ಹಾನಗಲ್ಲಿನ ಉತಾರ ಹಾನಗಲ್ಲಿನಲ್ಲೇ. ಆದರೆ ತಿಳವಳ್ಳಿ, ಅಕ್ಕಿಆಲೂರು, ಬೊಮ್ಮನಹಳ್ಳಿ ಕಡೆಯ ರೈತ ಅದಕ್ಕಾಗಿ ತಾಲ್ಲೂಕು ಕೇಂದ್ರಕ್ಕೇ ಬರಬೇಕಾಗಿತ್ತು. ಮುಂದೆ ದಾಖಲೆಗಳನ್ನು ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿಸಿ, ಜಾಲದ ಮೂಲಕ ಹೋಬಳಿ ಮಟ್ಟಕ್ಕೆ ತಲುಪಿಸುವ ಕೆಲಸ ನಡೆಯಿತು. ನೆಮ್ಮದಿ ಕೇಂದ್ರಗಳು ಬಂದವು. 2012ರಿಂದ ಅವುಗಳ ಜಾಗದಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. 2022ರಲ್ಲಿ ಗ್ರಾಮ ಒನ್ ಕೇಂದ್ರಗಳು ಗ್ರಾಮ ಪಂಚಾಯತಿ ಮಟ್ಟಕ್ಕೆ ಬಂದವು. ಈಗ ಮೊಬೈಲಿನಲ್ಲೇ ಪಹಣಿ ನೋಡಬಹುದು. ಬಸ್ಸಿನ ದಾರಿ ಕಡಿಮೆಯಾಯಿತು, ತಂತಿಯ ದಾರಿ ಉದ್ದವಾಯಿತು. ಉದ್ದವಾದ ತಂತಿ ಎಲ್ಲಿ ಬೇಕಾದರೂ ಕಡಿಯಬಹುದು.

ಕಡಿದಾಗ ಏನು ಮಾಡಬೇಕು? 2000ದಲ್ಲಿ ಎರಿಕ್ ಬ್ರೂವರ್ ಎಂಬ ವಿಜ್ಞಾನಿ ಒಂದು ವಿಚಾರ ಮುಂದಿಟ್ಟರು. 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ವಿಚಾರ ಇಷ್ಟೇ: ಸಂಪರ್ಕ ಕಡಿದಾಗ ಎರಡರಲ್ಲಿ ಒಂದನ್ನು ಮಾತ್ರ ಕಾಪಾಡಬಹುದು. ಒಂದೋ, ತಪ್ಪು ಮಾಹಿತಿ ಹೋಗಬಾರದೆಂದು ಕೆಲಸವನ್ನೇ ನಿಲ್ಲಿಸಬೇಕು. ಇಲ್ಲವೇ, ಮಾಹಿತಿ ಸ್ವಲ್ಪ ಹಳೆಯದಿದ್ದರೂ ಸರಿ ಎಂದು ಕೆಲಸ ಮುಂದುವರಿಸಿ, ಸಂಪರ್ಕ ಬಂದ ಮೇಲೆ ಲೆಕ್ಕ ಹೊಂದಿಸಬೇಕು. ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಎಷ್ಟೇ ದುಡ್ಡು ಸುರಿದರೂ ಈ ಆಯ್ಕೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಅದು ಯಾವ ಕೆಲಸ ಎಂಬುದನ್ನು ಅವಲಂಬಿಸಿದೆ. ಹೊಲದ ಮಾರಾಟವಾದರೆ ನಿಲ್ಲಿಸುವುದೇ ಸರಿ. ಮೂಲ ದಾಖಲೆ ನೋಡದೇ ಹಕ್ಕು ಬದಲಾಯಿಸಿದರೆ ಒಂದೇ ಹೊಲ ಇಬ್ಬರಿಗೆ ಮಾರಾಟವಾಗಬಹುದು. ಆ ತಪ್ಪನ್ನು ಸರಿಪಡಿಸಲು ನ್ಯಾಯಾಲಯದಲ್ಲಿ ವರ್ಷಗಳೇ ಬೇಕು. ಒಂದು ದಿನ ಕಾಯುವುದು ಅದಕ್ಕಿಂತ ಚಿಕ್ಕ ನಷ್ಟ. ಆದರೆ ಪಡಿತರ ಅಕ್ಕಿಯ ವಿಷಯ ಹಾಗಲ್ಲ. ಕಾರ್ಡು ಹಿಡಿದು ಬಂದ ತಾಯಿಗೆ ಅಕ್ಕಿ ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡರೆ, ನಾಳೆ ಲೆಕ್ಕದಲ್ಲಿ ತಪ್ಪು ಕಂಡರೂ ಹೋಗುವುದು ಕೆಲವು ಕಿಲೋ ಅಕ್ಕಿ. ಕೊಡದಿದ್ದರೆ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರದ ಆಹಾರ ಇಲಾಖೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿ, ಆಧಾರ್ ಇಲ್ಲವೆಂದಾಗಲಿ, ಬೆರಳಚ್ಚು ಹೊಂದಲಿಲ್ಲವೆಂದಾಗಲಿ, ಸಂಪರ್ಕ ಸಿಗಲಿಲ್ಲವೆಂದಾಗಲಿ ಅರ್ಹರಿಗೆ ಪಡಿತರ ನಿರಾಕರಿಸಬಾರದು. ಅಂಥವರಿಗೆ ಕೊಟ್ಟದ್ದನ್ನು ಪ್ರತ್ಯೇಕವಾಗಿ ದಾಖಲಿಸಿಕೊಳ್ಳಬೇಕು ಎಂದು ಸೂಚಿಸಿತು. ಜಾರ್ಖಂಡ್‌ನಲ್ಲಿ ಪಡಿತರ ಸಿಗದ ಕುಟುಂಬವೊಂದರ ಬಾಲಕಿ ತೀರಿಕೊಂಡ ಸುದ್ದಿ ದೇಶವನ್ನು ಕಲಕಿದ ಸಮಯ ಅದು. ವಿಜ್ಞಾನಿಗಳು ಹೇಳಿದ ಎರಡನೆಯ ದಾರಿಯೇ ಈ ಸುತ್ತೋಲೆಯಲ್ಲಿದೆ: ಮೊದಲು ಕೊಡಿ, ಬರೆದಿಡಿ, ಆಮೇಲೆ ಹೊಂದಿಸಿ.

ಧರ್ಮಸಭೆಯ ಕಾನೂನಿನಲ್ಲಿಯೂ ಈ ವಿವೇಕ ಅಡಗಿರುವುದನ್ನು ಗಮನಿಸಬೇಕು. ಮದುವೆಗೆ ಮುನ್ನ ಯಾವ ಅಡ್ಡಿಯೂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂದು 1066ನೆಯ ವಿಧಿ ಹೇಳುತ್ತದೆ. ಕಾಗದ ಬಾರದಿದ್ದರೆ ಸಾಮಾನ್ಯವಾಗಿ ಕಾಯಬೇಕು. ಆದರೆ ಆಸ್ಪತ್ರೆಯಲ್ಲಿ ಆಗತಾನೇ ಹುಟ್ಟಿದ ಮಗುವಿನ ಉಸಿರು ನಿಲ್ಲುವಂತಿದ್ದರೆ ಯಾರೂ ಕಾಗದ ಕೇಳುವುದಿಲ್ಲ. ಅಂಥ ತುರ್ತಿನಲ್ಲಿ ಸರಿಯಾದ ಉದ್ದೇಶವುಳ್ಳ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಎಂಬುದು 861ನೆಯ ವಿಧಿ. ಹಾಗೆ ಕೊಟ್ಟವರು ಆಮೇಲೆ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ ದಾಖಲಿಸಬೇಕು ಎಂಬುದು 878ನೆಯ ವಿಧಿ. ದಾದಿಯರಾಗಿ ದುಡಿಯುವ ನಮ್ಮ ಸೋದರಿಯರಿಗೆ ಇದು ಚೆನ್ನಾಗಿ ಗೊತ್ತಿದೆ. ಎಲ್ಲಿ ಕಾಯಬಹುದು, ಎಲ್ಲಿ ಕಾಯಬಾರದು ಎಂದು ಮುಂಚೆಯೇ ಯೋಚಿಸಿಟ್ಟ ನಿಯಮಗಳಿವು.

ವೇಗವಾಗಿ ಹರಡುವ ತಪ್ಪು

ಇಂದು ಪಹಣಿಯ ಮಾಹಿತಿ ಭೂಮಿಯಲ್ಲಿ ಮಾತ್ರ ಉಳಿದಿಲ್ಲ. ಉಪನೋಂದಣಾಧಿಕಾರಿ ಕಚೇರಿಯ 'ಕಾವೇರಿ', ರೈತರಿಗೆ ಗುರುತಿನ ಸಂಖ್ಯೆ ಕೊಡುವ 'ಫ್ರೂಟ್ಸ್', ಬೆಳೆ ವಿಮೆಯ 'ಸಂರಕ್ಷಣೆ' ಇವೆಲ್ಲವೂ ಅದನ್ನು ಬಳಸುತ್ತವೆ. ಒಮ್ಮೆ ಕೊಟ್ಟ ಕಾಗದವನ್ನೇ ಪ್ರತಿ ಕಚೇರಿಗೂ ಮತ್ತೆ ಮತ್ತೆ ಕೊಡುವ ಕಷ್ಟ ಇದರಿಂದ ಕಡಿಮೆಯಾಗಿದೆ. ಭತ್ತ, ಗೋವಿನಜೋಳ, ಹತ್ತಿ ಬೆಳೆಯುವ ಹಾವೇರಿ ಜಿಲ್ಲೆಯ ರೈತನಿಗೆ ಬೆಳೆ ವಿಮೆಯಾಗಲಿ, ಸಹಾಯಧನವಾಗಲಿ ಸಿಗುವುದು ಈ ಕೊಂಡಿಗಳ ಮೂಲಕವೇ.

ಆದರೆ ಮೂಲದಲ್ಲೇ ತಪ್ಪಿದ್ದರೆ? ಎಷ್ಟೋ ಮನೆಗಳಲ್ಲಿ ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ ಆಗಿರುವುದಿಲ್ಲ. ಕೆಲವೆಡೆ ಆಧಾರ್‌ನಲ್ಲಿ ಒಂದು ಹೆಸರು, ಉತಾರದಲ್ಲಿ ಇನ್ನೊಂದು. ಹಿಂದೆ ತಲಾಟಿಗೆ ಮನೆಯವರ ಪರಿಚಯವಿತ್ತು, ಹೇಗೋ ನಡೆಯುತ್ತಿತ್ತು. ಯಂತ್ರಕ್ಕೆ ಆ ಪರಿಚಯವಿಲ್ಲ. ಒಂದು ಕಡೆಯ ತಪ್ಪು ಹೆಸರು ಕೊಂಡಿಯಿಂದ ಕೊಂಡಿಗೆ ಹೋಗಿ ಸಾಲ, ವಿಮೆ, ಸಹಾಯಧನ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ದುಡಿಯುವವನು ಮೊಮ್ಮಗ, ಯಂತ್ರ ಗುರುತಿಸುವುದು ಅಜ್ಜನನ್ನು. ವಿಧವೆಯರಿಗೆ ಮತ್ತು ಊರು ಬಿಟ್ಟು ದುಡಿಯಲು ಹೋದವರಿಗೆ ಇದರ ಪೆಟ್ಟು ಹೆಚ್ಚು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ದಾಖಲೆಗಳು ಒಂದೆಡೆ ಸೇರಿದಾಗ ದೂರದಲ್ಲಿ ಕುಳಿತ ಬಲಾಢ್ಯರಿಗೂ ಅವು ಸುಲಭವಾಗಿ ಕಾಣುತ್ತವೆ. ಭೂಮಿ ಯೋಜನೆಯಿಂದ ಸಣ್ಣ ರೈತರಿಗಿಂತ ದೊಡ್ಡ ಭೂವ್ಯವಹಾರಸ್ಥರಿಗೆ ಹೆಚ್ಚು ಅನುಕೂಲವಾಯಿತು ಎಂದು ಬೆಂಗಳೂರು ಸುತ್ತಲಿನ ಪರಿಸ್ಥಿತಿ ನೋಡಿದ ಸಂಶೋಧಕರು 2007ರಲ್ಲಿ ಟೀಕಿಸಿದ್ದರು. ಅದೇ ಯೋಜನೆ ಲಂಚ ಕಡಿಮೆ ಮಾಡಿತು ಎಂಬ ಮೆಚ್ಚುಗೆಯೂ ಬಂದಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. 2002ರಲ್ಲಿ ವ್ಯಾಟಿಕನ್ ಪ್ರಕಟಿಸಿದ ಅಂತರ್ಜಾಲದ ನೈತಿಕತೆಯ ಕುರಿತ ದಾಖಲೆಯೂ ಮಾಹಿತಿ ಉಳ್ಳವರ ಮತ್ತು ಇಲ್ಲದವರ ನಡುವಿನ ಕಂದಕದ ಬಗ್ಗೆ ಎಚ್ಚರಿಸಿತ್ತು.

ನಾವು ಏನು ಮಾಡಬಹುದು?

ಮೊದಲು ನಮ್ಮ ಮನೆಯಿಂದಲೇ ಆರಂಭಿಸೋಣ. ಚರ್ಚ್ ಕಚೇರಿಯ ಗಣಕೀಕೃತ ದಾಖಲೆಗೆ ಕನಿಷ್ಠ ಎರಡು ನಕಲುಗಳಿರಲಿ, ಒಂದು ಬೇರೆ ಕಟ್ಟಡದಲ್ಲಿರಲಿ. ನಕಲು ಇದೆಯೆಂದು ನಂಬಿ ಕೂರದೆ ವರ್ಷಕ್ಕೊಮ್ಮೆ ತೆರೆದು ನೋಡಬೇಕು. ದೀಕ್ಷಾಸ್ನಾನ ಮತ್ತು ವಿವಾಹದ ಪುಸ್ತಕಗಳು ಮೂಲ ಪ್ರತಿಗಳು. ಗಣಕಯಂತ್ರದಲ್ಲಿರುವುದು ಅದರ ನಕಲು ಎಂಬುದನ್ನು ಮರೆಯಬಾರದು. ಬೇರೆ ಊರಿನಿಂದ ಬರುವ ವಿವಾಹದ ಸೂಚನೆಗಳನ್ನು ಮೇಜಿನ ಸೆಳೆಖಾನೆಯಲ್ಲಿ ಇಟ್ಟು ಮರೆತರೆ ಇಡೀ ವ್ಯವಸ್ಥೆ ಅಲ್ಲೇ ಮುರಿಯುತ್ತದೆ; ಬಂದ ದಿನವೇ ನಮೂದಿಸಿ, ಕಳುಹಿಸಿದವರಿಗೆ ತಿಳಿಸಬೇಕು.

ಎರಡನೆಯದಾಗಿ, ಯಾರು ಏನನ್ನು ತಿದ್ದಬಹುದು ಎಂಬುದು ಸ್ಪಷ್ಟವಿರಲಿ. ಒಂದೇ ಪಾಸ್‌ವರ್ಡ್ ಹತ್ತು ಮಂದಿಯ ಕೈಯಲ್ಲಿದ್ದರೆ ತಪ್ಪು ಮಾಡಿದವರು ಯಾರೆಂದು ತಿಳಿಯುವುದಿಲ್ಲ. ಭೂಮಿ ಯೋಜನೆಯಲ್ಲಿ ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಯಂತ್ರದೊಳಗೆ ಪ್ರವೇಶಿಸಬೇಕೆಂದು ಮಾಡಿದ್ದು ಇದಕ್ಕಾಗಿಯೇ. ಕುಟುಂಬಗಳ ಖಾಸಗಿ ವಿವರಗಳನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಹಂಚಿಕೆಯಲ್ಲ, ಅಜಾಗರೂಕತೆ.

ಮೂರನೆಯದಾಗಿ, ಹಳ್ಳಿಗಳಲ್ಲಿ ಸೇವೆ ಮಾಡುವವರು ಮನೆಭೇಟಿಯ ವೇಳೆ ಒಂದು ಪ್ರಶ್ನೆ ಕೇಳಬಹುದು: "ಹೊಲ ಯಾರ ಹೆಸರಿನಲ್ಲಿದೆ?" ತೀರಿಹೋದವರ ಹೆಸರಿನಲ್ಲಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಲು ನೆರವಾಗಬಹುದು. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಹೊಂದುತ್ತದೆಯೇ ಎಂದು ನೋಡಿಕೊಡಬಹುದು. ಬೆಳೆ ಹೋದ ಮೇಲೆ ಮಾಡುವ ನೂರು ಓಡಾಟಕ್ಕಿಂತ ಮೊದಲೇ ಮಾಡಿದ ಈ ಒಂದು ಕೆಲಸ ದೊಡ್ಡದು.

ಕೊನೆಯದಾಗಿ, "ಸರ್ವರ್ ಡೌನ್" ಎಂದಾಗ ಸುಮ್ಮನೆ ಹಿಂತಿರುಗಬೇಡಿ. ವಿನಯದಿಂದಲೇ ಕೇಳಿ: ಸಂಪರ್ಕವಿಲ್ಲದಾಗ ಏನು ಮಾಡಬೇಕೆಂಬ ಆದೇಶ ಏನಿದೆ? ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಾ? ಅರ್ಜಿ ಬಂದದ್ದಕ್ಕೆ ಇಂದಿನ ದಿನಾಂಕದ ಸ್ವೀಕೃತಿ ಕೊಡುತ್ತೀರಾ? ಕಿಟಕಿಯ ಹಿಂದೆ ಕುಳಿತವರೂ ನಮ್ಮಂತೆಯೇ ಆ ತಂತಿಯನ್ನು ನಂಬಿಕೊಂಡವರು, ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಆದರೆ ಪ್ರಶ್ನೆ ಕೇಳುವವರಿದ್ದರೆ ನಿಯಮಗಳು ಬದಲಾಗುತ್ತವೆ. 2017ರ 'ಮೊದಲು ಕೊಡಿ' ಎಂಬ ನಿಯಮ ಬಂದದ್ದೂ ಜನರು ದನಿ ಎತ್ತಿದ ಮೇಲೆಯೇ.

ಭೂಮಿಯ ಸಂಪತ್ತು ಎಲ್ಲ ಮನುಷ್ಯರಿಗಾಗಿ ಇದೆ ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯ ಬೋಧನೆ. ಮಾಹಿತಿಯೂ ಇಂದು ಅಂಥದೇ ಒಂದು ಸಂಪತ್ತಾಗಿದೆ. ಕಾಲುವೆಯ ತುದಿಯಲ್ಲಿರುವ ಗದ್ದೆಗೂ ನೀರು ತಲುಪುವಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರ ಮೇಲಿದೆ. ಈ ವಾರ ನಿಮ್ಮ ವಾಳೆಯ ಒಂದು ಮನೆಗಾದರೂ ಹೋಗಿ, ಅವರ ಕಾಗದಪತ್ರ ನೋಡಿಕೊಡಿ ಎಂದು ಪ್ರೀತಿಯಿಂದ ವಿನಂತಿಸುತ್ತೇನೆ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.